ಸನ್ನಿವೇಲಿನಲ್ಲಿ ಎಂಟನೆಯ ಕೊಳಲು

ಸನ್ನಿವೇಲ್: ಮೊದಲ ವಾರ

ಅಮೆರಿಕಕ್ಕೆ ಹೋಗಿಬಂದವರು ಊರಿಗೆ ಮರಳಿದ ಕೂಡಲೇ ಅಲ್ಲಿಯ ರಸ್ತೆಗಳ ಅಗಲವನ್ನು ವರ್ಣಿಸುವುದು ವಾಡಿಕೆ. ಆ ಭಾಗ್ಯ ನನಗಿಲ್ಲ. ಅಲ್ಲಿದ್ದ ಆರು ತಿಂಗಳಲ್ಲಿ ನಾನು ಕಂಡದ್ದು ಹೆಚ್ಚಾಗಿ ರಸ್ತೆಯ ಅಂಚನ್ನು, ಅದೂ ನಡೆದುಕೊಂಡು. ನಡೆಯುವವರನ್ನು ಆ ನಾಡಿನ ಜನ ಕಾರಿನೊಳಗಿಂದ ಮರುಕದಿಂದ ನೋಡುತ್ತಾರೆ. ಕಾರು ಕೆಟ್ಟು ನಿಂತಿರಬೇಕು, ಇಲ್ಲವೇ ಬುದ್ಧಿಗೆ ಏನೋ ಆಗಿರಬೇಕು ಎಂಬ ಎರಡೇ ಕಾರಣಗಳು ಅವರಿಗೆ ಹೊಳೆಯುವುದು. ಸೀರೆಯ ಮೇಲೆ ಸ್ವೆಟರು, ಕಾಲುಚೀಲದ ಮೇಲೆ ಚಪ್ಪಲಿ ಧರಿಸಿದ್ದ ನನ್ನ ವಿಷಯದಲ್ಲಿ ಎರಡನೆಯ ಕಾರಣವನ್ನು ಆರಿಸಿಕೊಳ್ಳಲು ಯಾರೂ ಹೆಚ್ಚು ಯೋಚಿಸಿದಂತೆ ತೋರಲಿಲ್ಲ.

ಹಾಸನದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ, ಸಂಧಿ ಸಮಾಸಗಳನ್ನು ಮಕ್ಕಳ ತಲೆಗೆ ತುಂಬುವ ಯತ್ನದಲ್ಲಿ ನನ್ನ ತಲೆಯನ್ನು ನರೆಸಿಕೊಂಡು, ಐವತ್ತೆರಡಕ್ಕೆ ಸ್ವಯಂನಿವೃತ್ತಿ ಪಡೆದಿದ್ದೆ. ತಂಗಿ ಸುಮಾ ಟಿಕೆಟ್ಟು ಕಳುಹಿಸಿ, "ಬಂದು ಆರು ತಿಂಗಳು ಸುಮ್ನೆ ಇದ್ದು ಹೋಗಕ್ಕ" ಎಂದಳು. ಸುಮ್ಮನಿರುವುದು ಎಂಥ ಶಿಕ್ಷೆಯೆಂಬುದು ಮೂರನೆಯ ದಿನ ತಿಳಿಯಿತು. ಬೆಳಗ್ಗೆ ಏಳಕ್ಕೆ ಅವಳು ಆಸ್ಪತ್ರೆಯ ಪ್ರಯೋಗಾಲಯದ ಕೆಲಸಕ್ಕೆ ಓಕ್ಲ್ಯಾಂಡಿಗೆ ಹೊರಟರೆ, ಅಪಾರ್ಟ್‌ಮೆಂಟಿನಲ್ಲಿ ಉಳಿಯುತ್ತಿದ್ದುದು ನಾನು ಮತ್ತು ಫ್ರಿಜ್ಜು. ಇಬ್ಬರಲ್ಲಿ ಆಗಾಗ ಮಾತನಾಡುತ್ತಿದ್ದುದು ಫ್ರಿಜ್ಜು.

ತಂಗಿಯ ಯಜಮಾನರು ಶ್ರೀಧರರು ಇಂಟರ್‌ನೆಟ್ ಕಂಪನಿಯೊಂದರಲ್ಲಿದ್ದರು. ಅದು ಎರಡು ಸಾವಿರದ ಇಸವಿ. ಇಂಟರ್‌ನೆಟ್ ಕಂಪನಿಯಲ್ಲಿ ಇಲ್ಲದವರನ್ನು ಆ ಊರಿನಲ್ಲಿ ರೋಗಿಗಳನ್ನು ವಿಚಾರಿಸುವ ದನಿಯಲ್ಲಿ ವಿಚಾರಿಸುತ್ತಿದ್ದ ಕಾಲ. ಶ್ರೀಧರರ ಕಂಪನಿಯ ಉದ್ದೇಶ ಉದಾತ್ತವಾದುದು: ಮನೆಯೊಳಗಿನ ಕುಂಡದ ಗಿಡಗಳಿಗೆ ನೀರೆರೆಯಬೇಕೆಂದು ಗಿಡದ ಒಡೆಯರಿಗೆ ಕಂಪ್ಯೂಟರಿನಲ್ಲಿ ನೆನಪಿನೋಲೆ ಕಳುಹಿಸುವುದು.

"ಗಿಡ ಬಾಡಿದ್ರೆ ಕಣ್ಣಿಗೆ ಕಾಣಲ್ವಾ ಶ್ರೀಧರ ಅವ್ರೇ?" ಎಂದು ಊಟದ ಹೊತ್ತಿನಲ್ಲಿ ಕೇಳಿದೆ.

"ಅದೇ ಅಕ್ಕ, ಜನಕ್ಕೆ ನೋಡಕ್ಕೆ ಟೈಮಿಲ್ಲ. ಅದೇ ನಮ್ಮ ಮಾರ್ಕೆಟ್ಟು."

"ಸರಿ, ಓಲೆ ಬಂತು. ನೀರು ಹಾಕೋರು ಯಾರು?"

"ಅದು ಫೇಸ್ ಟೂ" ಎಂದರು ಅವರು, ಸಾರನ್ನು ಕಲಸುತ್ತ.

ಶ್ರೀಧರರಿಗೆ ಐವತ್ತೊಂದು. ಅವರ ಮೇಲಧಿಕಾರಿಗೆ ಇಪ್ಪತ್ತಾರು. ಆಫೀಸಿನಲ್ಲಿ ತಮ್ಮ ವಯಸ್ಸು ನಲವತ್ತಮೂರೆಂದು ಹೇಳಿಕೊಂಡಿದ್ದ ಅವರು, ಆ ಎಂಟು ವರ್ಷಗಳ ಅಂತರವನ್ನು ಪ್ರತಿ ಎರಡನೆಯ ಭಾನುವಾರ ಬಚ್ಚಲಲ್ಲಿ ಕೂದಲಿಗೆ ಬಣ್ಣ ಹಚ್ಚಿ ಸರಿದೂಗಿಸುತ್ತಿದ್ದರು. ಈ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಹಿರಿಯರ ಕೇಂದ್ರ

ಮನೆಯಿಂದ ಹದಿನೈದು ನಿಮಿಷದ ನಡಿಗೆಯಲ್ಲಿ, ಐವತ್ತು ದಾಟಿದವರಿಗೆಂದೇ ಕಟ್ಟಿಸಿದ ಕೇಂದ್ರವೊಂದಿತ್ತು. ನಮ್ಮಲ್ಲಿ ಐವತ್ತಕ್ಕೆ ಮಗಳ ಮದುವೆಯ ಓಡಾಟ ಆರಂಭವಾಗುತ್ತದೆ. ಅಲ್ಲಿ ಐವತ್ತಕ್ಕೆ ಮೆತ್ತನೆಯ ಕುರ್ಚಿ ಕೊಟ್ಟು, ಕಾಗದದ ಹೂ ಮಾಡಲು ಕಲಿಸುತ್ತಾರೆ. ಪುಸ್ತಕವಾದರೂ ಇರಬಹುದೆಂದು ಒಂದು ಶನಿವಾರ ಒಳಗೆ ಹೋದೆ. ಇದ್ದವು. ಮೂರು ಕಪಾಟು, ಎಲ್ಲವೂ ತೂಕ ಇಳಿಸುವುದನ್ನು ಕುರಿತವು.

ಹೊರಡುವಾಗ ಓಣಿಯ ತುದಿಯ ಕೊಠಡಿಯಿಂದ ಒಂದು ಶಬ್ದ ಕೇಳಿತು. ತಗಡಿನ ಡಬ್ಬಿಯಲ್ಲಿ ಏಳು ದುಂಬಿಗಳನ್ನು ಕೂಡಿಹಾಕಿ, ಅವುಗಳಿಗೆ ಒಂದೇ ಹಾಡನ್ನು ಬೇರೆ ಬೇರೆ ವೇಗದಲ್ಲಿ ಹೇಳಿಕೊಟ್ಟರೆ ಹೇಗಿರುತ್ತದೆಯೋ ಹಾಗಿತ್ತು. ಇಪ್ಪತ್ತಾರು ವರ್ಷಗಳ ಅಭ್ಯಾಸಬಲ. ಗದ್ದಲ ಕೇಳಿದ ಕೊಠಡಿಯ ಬಾಗಿಲನ್ನು ತೆರೆಯದೆ ಮುಂದೆ ಹೋಗುವುದು ನನ್ನಿಂದಾಗದು. ತೆರೆದೆ. ಏಳು ಮಂದಿ ಚೀನೀ ಹಿರಿಯರು ಅಡ್ಡಕೊಳಲು ಹಿಡಿದು ನಿಂತಿದ್ದರು. ಅವರೆದುರು ಎಪ್ಪತ್ತು ದಾಟಿದ, ಒಣಗಿದ ಹುಣಿಸೆಕೋಲಿನಂಥ ಒಬ್ಬ ವೃದ್ಧರು. ಅವರು ನನ್ನನ್ನು ಕಂಡವರೇ ಬೆರಳು ಮಡಿಚುತ್ತ ಎಣಿಸಿ, ಎಂಟನೆಯ ಬೆರಳನ್ನು ನನ್ನತ್ತ ಚಾಚಿ, ಸಂತೋಷದಿಂದ ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಜರಿಪುಸ್ತಕ ನನ್ನ ಮುಂದಿತ್ತು.

ಅವರೇ ಲಿನ್ ಮೇಷ್ಟರು. ಅವರ ಇಂಗ್ಲಿಷಿಗೆ ಕಾಲಗಳಿರಲಿಲ್ಲ, ವಚನಗಳಿರಲಿಲ್ಲ. ಭೂತ, ವರ್ತಮಾನ, ಭವಿಷ್ಯಗಳು ಒಂದೇ ಕ್ರಿಯಾಪದದಲ್ಲಿ ಒಟ್ಟು ಕುಟುಂಬದಂತೆ ಬಾಳುತ್ತಿದ್ದವು. ತಿದ್ದಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಅವರ ಮಾತನ್ನು ಬಿಡಿಸಿ ಹೇಳುವ ಕೆಲಸ ವಿದ್ಯಾರ್ಥಿನಿ ಶ್ರೀಮತಿ ವಾಂಗ್ ಅವರದು. ಈಕೆ ನಿವೃತ್ತ ರಸಾಯನಶಾಸ್ತ್ರಜ್ಞೆ, ಮಾತೂ ಆಮ್ಲದ ಜಾತಿಯದು. ನಾವು ಆಡಿದ ಇಂಗ್ಲಿಷನ್ನು ಇಲ್ಲಿ ಕನ್ನಡಿಸಿ ಕೊಟ್ಟಿದ್ದೇನೆ. ಮೂಲವನ್ನು ಕೊಡದಿರುವುದು ಎಲ್ಲರಿಗೂ ಒಳ್ಳೆಯದು.

"ಎಂಟು ಜನ ಇಲ್ಲದ ತರಗತಿಯನ್ನು ಕೇಂದ್ರ ಮುಚ್ಚುತ್ತದೆ. ಕಳೆದ ತಿಂಗಳು ಒಬ್ಬರು ಊರು ಬಿಟ್ಟರು" ಎಂದರು ವಾಂಗ್. "ನಿಮಗೆ ಕೊಳಲು ಬರುತ್ತದೆಯೇ?"

"ಇಲ್ಲ."

"ಒಳ್ಳೆಯದಾಯಿತು. ಇಲ್ಲಿ ಯಾರಿಗೂ ಬರುವುದಿಲ್ಲ."

ಬಾರದ ಮಕ್ಕಳಿಗೆ ಒಮ್ಮೆಯೂ ಹಾಜರಿ ಹಾಕದ ನಾನು, ಹೀಗೆ ಹಾಜರಿಗಾಗಿಯೇ ವಿದ್ಯಾರ್ಥಿನಿಯಾದೆ.

ಶನಿವಾರಗಳು

ಮೊದಲ ಮೂರು ಶನಿವಾರ ಮೇಷ್ಟರು ನನ್ನ ಕೈಗೆ ಕೊಳಲನ್ನು ಕೊಡಲಿಲ್ಲ. ಅಂಗೈಯಗಲದ ಪತ್ರಿಕೆಯ ಹಾಳೆಯನ್ನು ಗೋಡೆಗೆ ಒತ್ತಿ, ಕೈ ಬಿಟ್ಟು, ಅದು ಬೀಳದಂತೆ ಉಸಿರಿನಿಂದಲೇ ಹಿಡಿದಿರು ಎಂದರು. ಮೊದಲ ದಿನ ನನ್ನ ಹಾಳೆ ಮೂರು ಎಣಿಸುವುದರೊಳಗೆ ನೆಲ ಸೇರಿತು. ಷಟ್ಪದಿಯನ್ನು ಒಂದೇ ಉಸಿರಿನಲ್ಲಿ ಓದುತ್ತಿದ್ದ ಹೆಮ್ಮೆಯೂ ಅದರ ಜೊತೆಗೆ ನೆಲ ಸೇರಿತು. ಪಕ್ಕದಲ್ಲಿ ಎಂಬತ್ತರ ಅಜ್ಜಿಯೊಬ್ಬರು ತಮ್ಮ ಹಾಳೆಯನ್ನು ಗೋಡೆಯಲ್ಲಿ ಹಲ್ಲಿಯಂತೆ ನಿಲ್ಲಿಸಿ, ನನ್ನತ್ತ ಓರೆಗಣ್ಣಿನಿಂದ ನೋಡುತ್ತಿದ್ದರು.

ನಾಲ್ಕನೆಯ ವಾರ ಕೊಳಲು ಬಂತು. ದೀಜಿ ಎಂದು ಅದರ ಹೆಸರು. ನಮ್ಮ ಕೊಳಲಿನ ಹಾಗೆಯೇ ಬಿದಿರು, ಊದುವ ರಂಧ್ರ, ಬೆರಳಿನ ರಂಧ್ರಗಳು. ಆದರೆ ಇವೆರಡರ ನಡುವೆ ಇನ್ನೊಂದು ರಂಧ್ರವನ್ನು ಕೊರೆದು, ಬಳಿಕ ಅದನ್ನೇ ಮುಚ್ಚಿರುತ್ತಾರೆ. ಅಗೆದದ್ದನ್ನು ಮುಚ್ಚುವ ಈ ಕ್ರಮವನ್ನು ನಾನು ಅದುವರೆಗೆ ನಮ್ಮ ಪುರಸಭೆಯಲ್ಲಿ ಮಾತ್ರ ಕಂಡಿದ್ದೆ. ಮುಚ್ಚುವುದು ಜೊಂಡಿನ ದಂಟಿನೊಳಗಿನ ಪೊರೆಯಿಂದ; ಈರುಳ್ಳಿಯ ಒಳಪದರಕ್ಕಿಂತ ತೆಳುವಾದದ್ದು. ಊದಿದಾಗ ಆ ಪೊರೆ ನಡುಗುತ್ತದೆ. ಆ ನಡುಕದಿಂದಲೇ ದುಂಬಿಯ ದನಿ. ನಾನು ದೋಷವೆಂದು ತಿಳಿದದ್ದೇ ಆ ವಾದ್ಯದ ಜೀವ.

ಪೊರೆಯನ್ನು ಅಂಟಿಸಲು ಮೇಷ್ಟರು ಜೇಬಿನಿಂದ ಒಂದು ಕಂದು ಗಟ್ಟಿಯನ್ನು ತೆಗೆದರು. ಹಳೆಯ ಬೆಲ್ಲದ ಚೂರಿನಂತಿತ್ತು. ಅದರ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಒದ್ದೆಯಾದ ಭಾಗವನ್ನು ರಂಧ್ರದ ಸುತ್ತ ಉಜ್ಜಿ, ಗಟ್ಟಿಯನ್ನು ನನ್ನ ಬಾಯಿಯ ಬಳಿ ಹಿಡಿದರು.

ಎಂಜಲು. ನಾನು ಒಂದು ಹೆಜ್ಜೆ ಹಿಂದೆ ಸರಿದು, "ನೀರು ಮುಟ್ಟಿಸಬಾರದೇ?" ಎಂದೆ.

"ನೀರು ಹೆಚ್ಚಾಗುತ್ತದೆ, ಪೊರೆ ಜಾರುತ್ತದೆ. ನಾಲಿಗೆ ಅಳತೆ ತಪ್ಪುವುದಿಲ್ಲ" ಎಂದು ವಾಂಗ್ ಅನುವಾದಿಸಿದರು.

"ಇದು ಯಾವುದರ ಅಂಟು?"

"ಕತ್ತೆಯ ಚರ್ಮವನ್ನು ಕುದಿಸಿ ಮಾಡುವುದು. ತುಂಬ ಶ್ರೇಷ್ಠ. ರಕ್ತಕ್ಕೂ ಒಳ್ಳೆಯದು."

ಮೊಟ್ಟೆ ಹಾಕಿದ್ದಾರೆಂಬ ಸಂಶಯಕ್ಕೆ ಬಿಸ್ಕತ್ತನ್ನೂ ಬಿಟ್ಟವಳು ನಾನು. ಬೇರೆ ಅಂಟು ಇಲ್ಲವೇ ಎಂದು ಕೇಳಿದೆ. ಇದೆಯಂತೆ, ಹಿಂದಿನವರು ಬೆಳ್ಳುಳ್ಳಿಯ ರಸವನ್ನೂ ಬಳಸುತ್ತಿದ್ದರಂತೆ. ಕತ್ತೆಗೂ ಬೆಳ್ಳುಳ್ಳಿಗೂ ನಡುವೆ ಆರಿಸಿಕೊಳ್ಳಬೇಕಾದ ಸಂದಿಗ್ಧವನ್ನು ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಎದುರಿಸಿರಲಾರರು. ಕಡೆಗೆ ಮೇಷ್ಟರೇ ನನ್ನ ಕೊಳಲಿನ ಆ ರಂಧ್ರಕ್ಕೆ ಪಾರದರ್ಶಕ ಟೇಪನ್ನು ಹಚ್ಚಿಕೊಟ್ಟರು. ಊದಿದೆ. ದುಂಬಿ ಮಾಯವಾಗಿ, ದನಿ ನಮ್ಮ ಕೊಳಲಿನಂತೆಯೇ ನುಣ್ಣಗೆ ಬಂತು.

"ಇದೇ ಚೆನ್ನಾಗಿದೆಯಲ್ಲ" ಎಂದೆ.

"ಇದು ಬಿದಿರು, ಟೀಚರ್" ಎಂದರು ಮೇಷ್ಟರು. "ದೀಜಿ ಇನ್ನೂ ಆಗಲಿಲ್ಲ."

ಓಕ್ಲ್ಯಾಂಡ್, ಮತ್ತು ಹೋಗಬಾರದಿದ್ದ ವಾಲ್ನಟ್ ಕ್ರೀಕ್

ಸೆಪ್ಟೆಂಬರಿನಲ್ಲಿ ಪೊರೆಯ ಪೊಟ್ಟಣ ಕೊಳ್ಳಲೆಂದು ಮೇಷ್ಟರು, ವಾಂಗ್ ಮತ್ತು ನಾನು ಓಕ್ಲ್ಯಾಂಡಿನ ಚೀನೀ ಬಡಾವಣೆಗೆ ಹೋದೆವು. ಫ್ರೀಮಾಂಟಿನವರೆಗೆ ವಾಂಗ್ ಅವರ ಕಾರು, ಅಲ್ಲಿಂದ ರೈಲು. ಬೇ ಏರಿಯಾ ಎಂದು ಕರೆಯುವ ಆ ಸುತ್ತಲ ಊರುಗಳಲ್ಲಿ ನನಗೆ ಮನೆಯ ನೆನಪು ತಂದ ಮೊದಲ ಜಾಗ ಆ ಬಡಾವಣೆ. ಜನ ರಸ್ತೆಯಲ್ಲಿ ನಡೆಯುತ್ತಿದ್ದರು. ತರಕಾರಿಯನ್ನು ಚಿವುಟಿ, ಮೂಸಿ, ಮೂದಲಿಸಿ, ಆಮೇಲೆ ಕೊಳ್ಳುತ್ತಿದ್ದರು. ಅಂಗಡಿಯವನು ಬೈಯುತ್ತಲೇ ತೂಗುತ್ತಿದ್ದ. ಪ್ರತಿ ಗಿರಾಕಿಗೂ 'ನಿಮ್ಮ ದಿನ ಶುಭವಾಗಿರಲಿ' ಎಂದು ಹರಸುವ ಸನ್ನಿವೇಲಿನ ಗ್ರೋಸರಿಯಲ್ಲಿ ಒಂದು ತಿಂಗಳು ಹರಸಿಸಿಕೊಂಡು ಬಳಲಿದ್ದ ನನಗೆ ಆ ಬೈಗುಳ ಹಿತವಾಗಿತ್ತು.

ಮರಳುವಾಗ ಒಂದು ಪ್ರಮಾದ ನಡೆಯಿತು. ರೈಲು ನಿಲ್ದಾಣದ ಫಲಕವೊಂದರಲ್ಲಿ ಕಾಗುಣಿತದ ತಪ್ಪು ಕಂಡು, ಅದನ್ನು ವಾಂಗ್ ಅವರಿಗೆ ತೋರಿಸಲು ತಿರುಗಿದರೆ ಅವರು ಮುಂದೆ ಹೋಗಿದ್ದರು. ಎದುರಿಗೆ ಬಾಗಿಲು ತೆರೆದಿದ್ದ ರೈಲನ್ನು ಹತ್ತಿದೆ. ರೈಲು ಬೆಟ್ಟವನ್ನು ಹೊಕ್ಕು ಆಚೆ ಹೊರಬಂದು, ನನ್ನನ್ನು ವಾಲ್ನಟ್ ಕ್ರೀಕಿನಲ್ಲಿ ಇಳಿಸಿತು. ಆ ಊರಿನಲ್ಲಿ ಅಂಗಡಿಗಳಲ್ಲದೆ ಬೇರೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ದಾರಿ ಕೇಳಿದ ಮಹಿಳೆಯೊಬ್ಬಳು ನನ್ನ ಸೀರೆಯನ್ನು ಬಹಳವಾಗಿ ಹೊಗಳಿ, ದಾರಿ ಹೇಳುವುದನ್ನು ಮರೆತು ಹೋದಳು. ಅಮೆರಿಕನ್ನರ ಸೌಜನ್ಯಕ್ಕೆ ಎಣೆಯಿಲ್ಲ. ಅದು ಮುಗಿಯುವವರೆಗೆ ಕಾಯುವ ತಾಳ್ಮೆ ಮಾತ್ರ ಬೇಕು.

ಓಕ್ಲ್ಯಾಂಡಿಗೆ ಮರಳುವಾಗ ಎರಡು ಗಂಟೆ ಕಳೆದಿತ್ತು. ಲಿನ್ ಮೇಷ್ಟರು ನಾನು ಕಣ್ಮರೆಯಾದ ಅದೇ ಕಂಬದ ಬಳಿ, ಅದೇ ಭಂಗಿಯಲ್ಲಿ ನಿಂತಿದ್ದರು. ಪಕ್ಕದ ಬೆಂಚು ಖಾಲಿಯಿತ್ತು.

"ಕೂತರೆ ನೀವು ಕಾಣುವುದಿಲ್ಲವೆಂದು ನಿಂತೇ ಇದ್ದಾರೆ" ಎಂದರು ವಾಂಗ್. "ನಾನು ಹೊರಟುಬಿಡೋಣ ಎಂದಿದ್ದೆ. ನೀವು ಹೋದರೆ ಏಳೇ ಜನ ಉಳಿಯುತ್ತೇವೆ ಎಂದರು."

ಕಾರಿನಲ್ಲಿ ಮೇಷ್ಟರು ಬಾಯಿ ತೆರೆದು ನಿದ್ದೆ ಹೋದ ಮೇಲೆ ವಾಂಗ್ ಉಳಿದುದನ್ನು ಹೇಳಿದರು. ಮೇಷ್ಟರು ತಮ್ಮ ನಾಡಿನ ವಾದ್ಯತಂಡವೊಂದರಲ್ಲಿ ಮೂವತ್ತು ವರ್ಷ ಕೊಳಲು ಊದಿದವರು. ಈಗ ಮಗಳ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಪಕ್ಕದ ಮನೆಯವರು ದೂರು ಕೊಟ್ಟಿದ್ದರಿಂದ ಅಲ್ಲಿ ಊದುವುದಿಲ್ಲವೆಂದು ಮಗಳಿಗೆ ಮಾತು ಕೊಟ್ಟಿದ್ದಾರೆ. ಪಾರ್ಕಿನಲ್ಲಿ ಊದಿದರೆ ಬಿಸಿಲಿಗೂ ಗಾಳಿಗೂ ಪೊರೆ ಸೀಳುತ್ತದೆ. ವಾರದಲ್ಲಿ ಅವರು ಕೊಳಲು ಊದಬಹುದಾದದ್ದು ಶನಿವಾರದ ಆ ಎರಡು ಗಂಟೆ, ಆ ಕೊಠಡಿಯಲ್ಲಿ ಮಾತ್ರ. ತರಗತಿ ಮುಚ್ಚಿದರೆ ಅದೂ ಇಲ್ಲ.

ವಾಲ್ನಟ್ ಕ್ರೀಕನ್ನು ಕುರಿತು ಆಡಲೆಂದು ಯೋಚಿಸಿದ್ದ ಕೆಲವು ಹಾಸ್ಯೋಕ್ತಿಗಳು ನನ್ನ ಬಳಿ ಸಿದ್ಧವಾಗಿದ್ದವು. ಅವನ್ನು ಆಡಲಿಲ್ಲ.

ಆಯುಧಪೂಜೆ

ಸೆಪ್ಟೆಂಬರಿನ ಕೊನೆಯ ಭಾಗದಲ್ಲಿ ಕೇಂದ್ರದ ಮೇಲ್ವಿಚಾರಕಿ ಡೊನ್ನಾ ತರಗತಿಗೆ ಬಂದಳು. ಪ್ರತಿ ವಾಕ್ಯದ ಕೊನೆಯಲ್ಲಿ ಮುಗುಳ್ನಗುವ ಹೆಂಗಸು. ಕೆಟ್ಟ ಸುದ್ದಿಯಾದರೆ ಎರಡು ಬಾರಿ. ಹತ್ತಿರದ ಕಂಪನಿಯೊಂದಕ್ಕೆ ಮೀಟಿಂಗು ನಡೆಸಲು ಜಾಗ ಸಾಲದೆ ಈ ಕೊಠಡಿಯನ್ನು ಕೇಳಿದೆ ಎಂದಳು. ಎರಡು ವಾರ ಕಳೆದು ಶನಿವಾರ ಹತ್ತು ಗಂಟೆಗೆ ತಾನು ಬಂದು ಎರಡು ಸಂಗತಿ ನೋಡುವುದಾಗಿ ತಿಳಿಸಿದಳು. ಒಂದು, ಎಂಟು ಜನ ನಿಜವಾಗಿ ಕಲಿಯುತ್ತಿದ್ದಾರೆಯೇ. ಇನ್ನೊಂದು, ಮಂಗಳವಾರ ನಡೆಯುವ ಸಾಧಾರಣ ಕೊಳಲಿನ ತರಗತಿಗಿಂತ ಇದು ಬೇರೆಯೇ. ಬೇರೆಯಲ್ಲದಿದ್ದರೆ ಎರಡನ್ನೂ ಕೂಡಿಸಿ, ಅಲ್ಲಿಯ ಶಿಕ್ಷಕಿಯ ಕೈಗೆ ಒಪ್ಪಿಸುವುದು. ಮುಗುಳ್ನಗೆ. ಮತ್ತೊಂದು ಮುಗುಳ್ನಗೆ.

ಆ ಶನಿವಾರ ವಿಜಯದಶಮಿ, ಹಿಂದಿನ ದಿನ ಆಯುಧಪೂಜೆ. ವಿದ್ಯೆಯ ವಿಷಯದಲ್ಲಿ ಇದಕ್ಕಿಂತ ಶುಭ ಮುಹೂರ್ತವುಂಟೇ? ಗುರುವಾರ ಸಂಜೆ ಮೇಷ್ಟರ ಬಳಿ ಹೋಗಿ, ನಾವು ಉಪಕರಣಗಳನ್ನು ಪೂಜಿಸುವ ದಿನ ಬಂದಿದೆ, ತರಗತಿಯ ಎಂಟು ಕೊಳಲುಗಳನ್ನು ಒಂದು ದಿನದ ಮಟ್ಟಿಗೆ ಕೊಡಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಕೊಳಲುಗಳಿದ್ದ ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟು ತಲೆ ಬಾಗಿಸಿದರು.

ಶುಕ್ರವಾರ ಬೆಳಗ್ಗೆ ಶ್ರೀಧರರು ಕಾರಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟು ಹಿಸುಕಿ ಒಳಬಂದರು. ಅವರ ಲ್ಯಾಪ್‌ಟಾಪನ್ನೂ ದೇವರ ಮುಂದೆ ಇಟ್ಟಿದ್ದೆ.

"ಅಕ್ಕ, ಮುಚ್ಚಳಕ್ಕೆ ಬೇಕಾದ್ರೆ ಹಚ್ಚಿ. ಕೀಬೋರ್ಡಿಗೆ ಕುಂಕುಮ ಬೇಡ, ಪ್ಲೀಸ್."

"ನಿಮ್ಮ ಕಂಪನಿಗೆ ದೇವರ ದಯ ಬೇಡ್ವಾ?"

"ಬೇಕು, ಬೇಕು. ಆದ್ರೆ ಮೇಲ್ಗಡೆಯಿಂದ ಸಾಕು."

ಕೊಳಲುಗಳ ಸರದಿ ಬಂದಾಗ ನನಗೆ ಎದುರಾದದ್ದು ಆ ಪೊರೆಗಳು. ಕತ್ತೆಯ ಚರ್ಮದ ಅಂಟು, ಅದರ ಮೇಲೆ ಯಾರದೋ ಎಂಜಲು. ಅದನ್ನು ದೇವರ ಮನೆಗೆ ಒಯ್ಯುವುದು ಹೇಗೆ? ಓಕ್ಲ್ಯಾಂಡಿನಿಂದ ತಂದ ಹೊಸ ಪೊಟ್ಟಣ ಇದ್ದೇ ಇದೆ, ನಾಳೆ ಹೊಸತು ಅಂಟಿಸಿದರಾಯಿತು ಎಂದು ತರ್ಕಿಸಿದೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಏಳೂ ಪೊರೆಗಳನ್ನು ಉಜ್ಜಿ ತೆಗೆದು, ನನ್ನ ಕೊಳಲಿನ ಟೇಪನ್ನೂ ಕಿತ್ತು, ಎಂಟಕ್ಕೂ ಗಂಧ ಕುಂಕುಮ ಹಚ್ಚಿ, ಹೂ ಏರಿಸಿ, ಮಂಗಳಾರತಿ ಎತ್ತಿದೆ. ಅಷ್ಟು ಶುದ್ಧವಾದ ಕೊಳಲುಗಳು ಉತ್ತರ ಅಮೆರಿಕದಲ್ಲಿ ಆ ದಿನ ಬೇರೆಲ್ಲೂ ಇದ್ದಿರಲಾರವು.

ವಿಜಯದಶಮಿ

ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಚೀಲವನ್ನು ಮೇಜಿನ ಮೇಲಿಟ್ಟೆ. ಮೇಷ್ಟರು ಮೊದಲ ಕೊಳಲನ್ನು ತೆಗೆದು ಕುಂಕುಮವನ್ನು ನೋಡಿ ಮುಗುಳ್ನಕ್ಕರು. ಬೆರಳು ಪೊರೆಯಿದ್ದ ಜಾಗಕ್ಕೆ ಬಂತು. ಎರಡನೆಯದನ್ನು ತೆಗೆದರು. ಮೂರನೆಯದನ್ನು. ಎಂಟನ್ನೂ ಸಾಲಾಗಿ ಜೋಡಿಸಿ ಕುರ್ಚಿಯಲ್ಲಿ ಕುಳಿತರು. ಆ ಕೊಠಡಿಯಲ್ಲಿ ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನು ಮಾಡಿದಿರಿ?" ಎಂದರು ವಾಂಗ್.

"ಶುದ್ಧ ಮಾಡಿದೆ."

"ಮೇಷ್ಟರ ಕೈ ನಡುಗುವುದನ್ನು ನೀವು ಕಂಡಿಲ್ಲವೇ? ಒಂದು ಪೊರೆ ಕೂಡಿಸಲು ಅವರಿಗೆ ಒಂದು ಸಂಜೆ ಬೇಕು. ಡೊನ್ನಾ ಬರುತ್ತಾಳೆಂದು ದಿನಕ್ಕೊಂದರಂತೆ ಏಳನ್ನು ಕೂಡಿಸಿದ್ದರು. ನಿಮಗೆ ಕೊಟ್ಟ ಹಿಂದಿನ ದಿನ ಏಳನೆಯದು ಮುಗಿದಿತ್ತು."

ನಾನು ಕಂಡಿರಲಿಲ್ಲ. ಅವರ ಕ್ರಿಯಾಪದಗಳನ್ನು ಮಾತ್ರ ಕಂಡಿದ್ದೆ.

ಎಂಟಕ್ಕೂ ಟೇಪು ಹಚ್ಚೋಣ ಎಂದೆ. ಮೇಷ್ಟರು ಬೇಡವೆಂದು ತಲೆಯಾಡಿಸಿದರು. ವಾಂಗ್ ಅನುವಾದಿಸುವ ಅಗತ್ಯವಿರಲಿಲ್ಲ: ಟೇಪು ಹಚ್ಚಿದರೆ ಮಂಗಳವಾರದ ಕೊಳಲಿಗೂ ಇದಕ್ಕೂ ಏನು ಭೇದ? ಡೊನ್ನಾ ಮುಗುಳ್ನಕ್ಕು ಎರಡನ್ನೂ ಕೂಡಿಸಿಬಿಡುತ್ತಾಳೆ.

ಮೇಷ್ಟರು ಪೊಟ್ಟಣವನ್ನು ತೆರೆದು, ಕತ್ತರಿಯನ್ನು ವಾಂಗ್ ಅವರ ಕೈಗಿತ್ತು, ಕಂದು ಗಟ್ಟಿಯನ್ನು ಸಾಲಿನ ಮೊದಲಿಗರಿಗೆ ಕೊಟ್ಟರು. ಇದ್ದದ್ದು ಒಂದೇ ಗಟ್ಟಿ. ಮೊದಲಿಗರು ನಾಲಿಗೆಗೆ ಮುಟ್ಟಿಸಿ, ಉಜ್ಜಿ, ಮುಂದಿನವರಿಗೆ ದಾಟಿಸಿದರು. ನಾನು ಸಾಲಿನ ಕೊನೆಯವಳು. ಗಟ್ಟಿ ಒಂದೊಂದೇ ಬಾಯಿಯಲ್ಲಿ ಮಿಂದು ನನ್ನತ್ತ ಬರುತ್ತಿರುವುದನ್ನು ನೋಡುತ್ತ ನಿಂತೆ. ಎಂಬತ್ತರ ಅಜ್ಜಿ ಬಹಳ ಧಾರಾಳವಾಗಿ ಮುಟ್ಟಿಸಿದರು.

"ಯಾರ ಬಳಿಯಾದರೂ ಬೆಳ್ಳುಳ್ಳಿ ಇದೆಯೇ?" ಎಂದು ಕೇಳಿದೆ. ಅದುವರೆಗೆ ಆ ಪದಾರ್ಥವನ್ನು ಅಡುಗೆಮನೆಯ ಹೊಸ್ತಿಲು ದಾಟಿಸದ ನಾನು.

"ಬೆಳಗ್ಗೆಯೇ ಬೆಳ್ಳುಳ್ಳಿ ತರುವವರು ಯಾರು?" ಎಂದರು ವಾಂಗ್. "ನಿಮ್ಮ ದೇವರು ಬಂದು ನೆಕ್ಕಿಕೊಡುತ್ತಾನೆಯೇ ಕೇಳಿ. ಹದಿನೈದು ನಿಮಿಷ ಇದೆ."

ಗಟ್ಟಿ ಕೈಗೆ ಬಂತು. ಬೆಚ್ಚಗಿತ್ತು. ನಾನು ನೋಡಿದ್ದು ಗಟ್ಟಿಯನ್ನಲ್ಲ, ಮೊಣಕಾಲಿನ ಮೇಲೆ ಇರಿಸಿಕೊಂಡಿದ್ದ ಮೇಷ್ಟರ ಕೈಗಳನ್ನು. ಒಂದು ಇನ್ನೊಂದನ್ನು ಹಿಡಿದಿತ್ತು, ಆದರೂ ಎರಡೂ ನಡುಗುತ್ತಿದ್ದವು. ಕಣ್ಣು ಮುಚ್ಚಿ ನಾಲಿಗೆಗೆ ಮುಟ್ಟಿಸಿದೆ. ರುಚಿಯ ಬಗ್ಗೆ ಓದುಗರಿಗೆ ಕುತೂಹಲವಿರಬಹುದು. ಹಳೆಯ ಚರ್ಮದ ಚೀಲವೊಂದು ಮಳೆಯಲ್ಲಿ ನೆನೆದು, ಆಮೇಲೆ ಪಶ್ಚಾತ್ತಾಪಪಟ್ಟರೆ ಬರುವ ರುಚಿ.

ಪೊರೆಯನ್ನು ಹಾಸಿದ ಮೇಲೆ ಎರಡು ಬದಿಯಿಂದ ಎಳೆದು ಅದರಲ್ಲಿ ಕೂದಲೆಳೆಯಂಥ ಅಡ್ಡ ಸುಕ್ಕುಗಳನ್ನು ಮೂಡಿಸಬೇಕು. ಬಿಗಿಯಾದರೂ ದನಿಯಿಲ್ಲ, ಸಡಿಲವಾದರೂ ಇಲ್ಲ. ಉಳಿದವರು ಅಲ್ಲಿ ತಡವರಿಸುತ್ತಿದ್ದರು. ನನ್ನ ಬೆರಳುಗಳಿಗೆ ಅದು ಹೊಸತಾಗಿರಲಿಲ್ಲ. ಮೂವತ್ತೈದು ವರ್ಷ ದಿನಬೆಳಗಾದರೆ ಸೀರೆಯ ನೆರಿಗೆ ಹಿಡಿದವಳು ನಾನು. ನನ್ನದನ್ನು ಮುಗಿಸಿ ಅಜ್ಜಿಯದನ್ನು ತೆಗೆದುಕೊಂಡೆ. ಬಳಿಕ ಇನ್ನೆರಡನ್ನು. ಒಂದೊಂದಕ್ಕೂ ಗಟ್ಟಿಯನ್ನು ಮತ್ತೆ ನಾಲಿಗೆಗೆ ಮುಟ್ಟಿಸಬೇಕಾಯಿತು. ಎರಡನೆಯ ಸಲದ ನಂತರ ಎಣಿಸುವುದನ್ನು ಬಿಟ್ಟೆ. ಮೇಷ್ಟರು ನನ್ನ ನೆರಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ಐದನೆಯದನ್ನೂ ನನ್ನೆಡೆಗೆ ಸರಿಸಿದರು.

ಹತ್ತಕ್ಕೆ ಡೊನ್ನಾ ಬಂದಳು. ಹಿಂದೆ ಕಂಪನಿಯ ಇಬ್ಬರು, ಕೊಠಡಿಯನ್ನು ಅಳೆಯುವ ಪಟ್ಟಿಯೊಂದಿಗೆ. ಪಟ್ಟಿಯ ಒಂದು ತುದಿಯನ್ನು ಹಿಡಿದಿದ್ದವರು ಶ್ರೀಧರರು. ನನ್ನನ್ನು ಕಂಡು ಅವರು ತುದಿಯನ್ನು ಕೈಬಿಟ್ಟರು. ಪಟ್ಟಿ ಸುರುಳಿಸುತ್ತಿ, ಇನ್ನೊಂದು ತುದಿ ಹಿಡಿದಿದ್ದ ಅವರ ಎಳೆಯ ಮೇಲಧಿಕಾರಿಯ ಬೆರಳಿಗೆ ಬಡಿಯಿತು.

"ಅಕ್ಕ, ನೀವು ಇಲ್ಲೇನ್ ಮಾಡ್ತಿದೀರಿ?" ಎಂದು ಪಿಸುಗುಟ್ಟಿದರು.

"ಕಲೀತಾ ಇದೀನಿ. ಗೋಡೆಗೆ ಒರಗಬೇಡಿ, ಸುಣ್ಣ ಮೆತ್ಕೊಳ್ಳುತ್ತೆ."

ಡೊನ್ನಾ ತಲೆಗಳನ್ನು ಎಣಿಸಿದಳು. ಎಂಟು. ಮಂಗಳವಾರದ ತರಗತಿಗೂ ಇದಕ್ಕೂ ಏನು ವ್ಯತ್ಯಾಸವೆಂದು ವಿವರಿಸುತ್ತೀರಾ ಎಂದು ಕೇಳಿದಳು. ಲಿನ್ ಮೇಷ್ಟರು ವಿವರಿಸಲಿಲ್ಲ, ಬೆರಳೆತ್ತಿದರು. ಎಂಟು ಕೊಳಲುಗಳೂ ಒಟ್ಟಿಗೆ ನುಡಿದವು.

ಅದು ಸಂಗೀತವಾಗಿತ್ತೆಂದು ನಾನು ಸಾಧಿಸಲಾರೆ. ಐದು ಸ್ವರದ ಸಣ್ಣ ರಾಗವೊಂದನ್ನು ಎಂಟು ಮಂದಿ ಎಂಟು ದಿಕ್ಕಿನಿಂದ ಬೆನ್ನಟ್ಟಿದೆವು. ಆದರೆ ನನ್ನ ಕೊಳಲಿನ ಪೊರೆ ಮೊದಲ ಬಾರಿಗೆ ನಡುಗಿತು. ಆ ನಡುಕ ಬಿದಿರಿನಿಂದ ಬೆರಳಿಗೆ, ಬೆರಳಿನಿಂದ ಮೊಣಕೈಗೆ ಏರಿತು. ನಮ್ಮ ಗದ್ದಲದ ಮೇಲೆ ಮೇಷ್ಟರ ಸ್ವಂತ ಕೊಳಲಿನ ದನಿ ಎದ್ದಾಗ ಅವರ ಕೈಗಳನ್ನು ನೋಡಿದೆ. ಅವು ನಿಶ್ಚಲವಾಗಿದ್ದವು.

ಡೊನ್ನಾ ಒಂದು ಕಿವಿಯ ಮೇಲೆ ಬೆರಳಿಟ್ಟು, "ಖಂಡಿತ ಬೇರೆಯೇ" ಎಂದಳು. ಮಂಗಳವಾರದವರು ತಮ್ಮನ್ನು ಇದರ ಜೊತೆ ಕೂಡಿಸಿದರೆ ರಾಜೀನಾಮೆ ಕೊಟ್ಟಾರೆಂದು ಅವಳಿಗೆ ಹೊಳೆದಿರಬೇಕು. ತರಗತಿ ಉಳಿಯಿತು.

ಅಂದು ಊಟದ ಹೊತ್ತಿಗೆ ಶ್ರೀಧರರು ಮುಖ ಊದಿಸಿಕೊಂಡಿದ್ದರು. "ಆ ರೂಮು ನಮಗೆ ಸಿಗ್ಬೇಕಿತ್ತು ಅಕ್ಕ. ನಮ್ಮ ಬಾಸು ಕೇಳ್ದ, ಆ ಲೇಡಿ ನಿನಗೆ ಗೊತ್ತಾ ಅಂತ."

"ಏನಂದ್ರಿ?" ಎಂದಳು ಸುಮಾ.

"ಫ್ಯಾಮಿಲಿ ಫ್ರೆಂಡು ಅಂದೆ."

"ಹೆಂಡ್ತಿ ಅಕ್ಕ ಅಂದ್ರೆ ವಯಸ್ಸು ಲೆಕ್ಕ ಹಾಕ್ತಾನೆ ಅಂತ ಭಯ" ಎಂದು ಸುಮಾ ನನ್ನತ್ತ ತಿರುಗಿ ನಕ್ಕಳು. ನಾನು ನಗಲಿಲ್ಲ. ಬೆಳಗ್ಗೆ ನಡೆದದ್ದನ್ನು ಅವಳಿಗೂ ಹೇಳಿರಲಿಲ್ಲ. ಮೂರು ಬಾರಿ ಬಾಯಿ ಮುಕ್ಕಳಿಸಿ, ಸ್ನಾನ ಮಾಡಿ, ಆಮೇಲೆ ಅಡುಗೆಮನೆಗೆ ಕಾಲಿಟ್ಟಿದ್ದೆ.

ಜನವರಿಯ ಕೊನೆಯ ಶನಿವಾರ

ಹೊಸ ವರ್ಷದ ಎರಡನೆಯ ವಾರ ಶ್ರೀಧರರು ಬೆಳಗ್ಗೆ ಹನ್ನೊಂದಕ್ಕೇ ಮನೆಗೆ ಬಂದರು. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಅದರಲ್ಲಿ ಎರಡು ಪುಸ್ತಕ, ಒಂದು ಕಾಫಿ ಲೋಟ, ಪೂರಾ ಒಣಗಿದ ಒಂದು ಕುಂಡದ ಗಿಡ. ಕಂಪನಿ ಮುಚ್ಚಿತ್ತು. ಫೇಸ್ ಟೂ ಬರಲೇ ಇಲ್ಲ. ಮುಂದಿನ ಹತ್ತು ದಿನ ಅವರು ಸೋಫಾದಲ್ಲಿ ಕುಳಿತು ಟಿ.ವಿ.ಯಲ್ಲಿ ಬೇರೆ ಕಂಪನಿಗಳು ಮುಚ್ಚುವ ಸುದ್ದಿಯನ್ನು ನೋಡಿದರು. ಕೂದಲಿಗೆ ಬಣ್ಣ ಹಚ್ಚಲಿಲ್ಲ. ಬುಡದಲ್ಲಿ ಬಿಳಿ ಕಾಣಿಸಿಕೊಂಡಿತು.

ನನ್ನ ಆರು ತಿಂಗಳು ಮುಗಿಯುತ್ತಿತ್ತು. ನಾನು ಹೊರಟರೆ ತರಗತಿಯಲ್ಲಿ ಮತ್ತೆ ಏಳೇ ಜನ. ಮೇಷ್ಟರು ಈ ಮಾತನ್ನು ಎತ್ತಲಿಲ್ಲ. ಆದರೆ ಓಣಿಯಲ್ಲಿ ಯಾರ ಹೆಜ್ಜೆಯ ಸದ್ದು ಕೇಳಿದರೂ ಬಾಗಿಲಿನತ್ತ ನೋಡುತ್ತಿದ್ದರು.

"ಶ್ರೀಧರ ಅವ್ರೇ, ನಾಳೆ ನನ್ನ ಜೊತೆ ಬನ್ನಿ" ಎಂದೆ.

"ಆ ಕೊಳಲಿಗಾ? ಬೇಡ ಅಕ್ಕ. ಅದು ಫಿಫ್ಟಿ ಪ್ಲಸ್ಸು."

"ನನಗೆ ಗೊತ್ತು."

ಸುಮಾ ಅಡುಗೆಮನೆಯಿಂದಲೇ ಹೇಳಿದಳು: "ಹೋಗ್ರೀ. ಸೋಫಾ ಗುಂಡಿ ಬೀಳ್ತಾ ಇದೆ."

ಮರುದಿನ ಕೇಂದ್ರದ ಮೇಜಿನ ಮುಂದೆ ಡೊನ್ನಾ ವಯಸ್ಸಿನ ದಾಖಲೆ ಕೇಳಿದಳು. ಶ್ರೀಧರರು ಪರ್ಸನ್ನು ತೆರೆದು, ಮುಚ್ಚಿ, ಅತ್ತಿತ್ತ ನೋಡಿದರು. ಪರಿಚಯದವರು ಯಾರೂ ಇರಲಿಲ್ಲ. ಡ್ರೈವಿಂಗ್ ಲೈಸೆನ್ಸನ್ನು ತೆಗೆದು, ಇಸ್ಪೀಟಿನಲ್ಲಿ ಸೋತವರಂತೆ, ಮುಖ ಮೇಲಾಗಿ ಮೇಜಿನ ಮೇಲಿಟ್ಟರು. ಡೊನ್ನಾ ಓದಿ, "ನೋಡಿದರೆ ಐವತ್ತು ದಾಟಿದೆಯೆಂದು ಗೊತ್ತಾಗುವುದೇ ಇಲ್ಲ" ಎಂದಳು. ಆ ಸೌಜನ್ಯವೊಂದನ್ನು ಮಾತ್ರ ನಾನು ಅಮೆರಿಕದಲ್ಲಿ ಮನಸಾರೆ ಮೆಚ್ಚಿದೆ.

ಮೇಷ್ಟರು ಅವರನ್ನು ನನ್ನ ಜಾಗದಲ್ಲಿ ನಿಲ್ಲಿಸಿದರು. ಪತ್ರಿಕೆಯ ಹಾಳೆ, ಗೋಡೆ ಯಾವುದೂ ಇಲ್ಲದೆ ನೇರವಾಗಿ ಕೊಳಲನ್ನೇ ಕೈಗಿತ್ತರು; ಅವಸರವಿದ್ದಿರಬೇಕು. ಬಳಿಕ ಪೊರೆಯ ಒಂದು ತುಂಡು. ಬಳಿಕ ಜೇಬಿನಿಂದ ಗಟ್ಟಿ.

ಶ್ರೀಧರರು ಅದನ್ನು ತಿರುಗಿಸಿ ನೋಡಿದರು. ಸಂಕಷ್ಟಿಯ ದಿನ ಚಂದ್ರ ಕಾಣುವವರೆಗೆ ನೀರನ್ನೂ ಮುಟ್ಟದ ಮನುಷ್ಯ. "ಏನಕ್ಕ ಇದು, ಬೆಲ್ಲನಾ?"

"ಅಂಟು. ನಾಲಿಗೆಗೆ ಮುಟ್ಟಿಸಿ ಇಲ್ಲಿ ಉಜ್ಜಬೇಕು."

"ಯಾವುದ್ರದ್ದು?"

ವಾಂಗ್ ಉತ್ತರಿಸಲು ಬಾಯಿ ತೆರೆದರು. ನಾನು ಅವರಿಗೂ ಶ್ರೀಧರರಿಗೂ ನಡುವೆ ಬಂದು ನಿಂತೆ. ಮೇಷ್ಟರು ಎಂಟನೆಯ ಬೆರಳನ್ನು ಅರ್ಧ ಮಡಿಚಿ ನಮ್ಮನ್ನೇ ನೋಡುತ್ತಿದ್ದರು.

"ಯಾವುದೋ ಮರದ್ದು" ಎಂದೆ. "ನಮ್ಮ ಜಾಲಿಮರದ ಗೋಂದಿನ ಹಾಗೇ. ಮುಟ್ಟಿಸಿ, ಒಣಗೋಗುತ್ತೆ."